ಬೀಜಗಣಿತದ ತೊಂಬತ್ತಾರು

ಸ್ಲೇಟ್ ಫೋರ್ಕ್, ಕೆಂಟಕಿ
ಜನವರಿ 9, 2024, ಮಂಗಳವಾರ

ಮಗಳು ಟ್ಯಾಬಿತಾಳಿಗೆ,

ನಿನ್ನ ತಾಯಿ ನಾನು ಗಟ್ಟಿಯಾಗಿದ್ದೇನೆ. ನೀನೂ ಹಾಗೇ ಇರಬೇಕೆಂದು ಊಟಕ್ಕೆ ಕೂರುವ ಮುಂಚೆ ದಿನಾ ದೇವರಲ್ಲಿ ಕೇಳುತ್ತೇನೆ. ಇಲ್ಲಿ ಚಳಿ ವಿಪರೀತ. ಅಡುಗೆಮನೆಯ ಕೆಳಗಿನ ಪೈಪು ಹೆಪ್ಪುಗಟ್ಟಿ ಒಡೆದಿತ್ತು. ನಾನೇ ನುಸುಳಿ ಸರಿಮಾಡಿದೆ, ಯಾರನ್ನೂ ಕರೆಯಲಿಲ್ಲ.

ಈ ಕಾಗದವನ್ನು ನಿನಗಿಂತ ಮೊದಲು ಜೈಲಿನವರು ಒಡೆದು ಓದುತ್ತಾರೆಂದು ಗೊತ್ತು. ಓದಲಿ. ನನ್ನ ಅಕ್ಷರ ದುಂಡಗಿದೆ, ಅವರಿಗೆ ಕಷ್ಟವಾಗದು.

ನಿನ್ನ ಡಿಸೆಂಬರಿನ ಕಾಗದ ತಲುಪಿತು. ಆ ಊರಿನ ಕಮ್ಯುನಿಟಿ ಕಾಲೇಜಿನವರು ಜೈಲಿನೊಳಗೇ ಗಣಿತದ ತರಗತಿ ಶುರುಮಾಡುತ್ತಾರೆ, ಜನವರಿ ಹತ್ತೊಂಬತ್ತರೊಳಗೆ ಹೆಸರು ಕೊಡಬೇಕು, ಹೈಸ್ಕೂಲಿನ ಅಂಕಪಟ್ಟಿ ಮೊಹರಾದ ಲಕೋಟೆಯಲ್ಲಿ ಬಂದರೆ ನೇರ ಕಾಲೇಜು ಗಣಿತಕ್ಕೇ ಸೇರಿಸಿಕೊಳ್ಳುತ್ತಾರೆ ಎಂದು ಬರೆದಿದ್ದೆ. ಅದರ ಕೆಳಗೆ ನೀನು ಬರೆದ ಸಾಲುಗಳನ್ನು ಹೊಲಿಗೆ ಪೆಟ್ಟಿಗೆಯಲ್ಲಿಟ್ಟು ದಿನಾ ತೆಗೆದು ನೋಡುತ್ತಿದ್ದೇನೆ. "ಬೇಡ ಬಿಡಮ್ಮಾ. ಕಾಲೇಜಿನೋರು ಒಂದ್ಸಲ ನನ್ನ ಮಾರ್ಕ್ಸ್ ನೋಡೇ ಬೇಡ ಅಂದವ್ರಲ್ವಾ? ನನ್ನ ತಲೆಗೆ ಲೆಕ್ಕ ಹತ್ತಲ್ಲ ಅಂತ ಹದಿನಾಲ್ಕು ವರ್ಷದ ಹಿಂದೇನೇ ತೀರ್ಮಾನ ಆಗಿದೆ. ನಂಗೆ ಲಾಂಡ್ರಿ ಕೆಲಸಾನೇ ಸಾಕು."

ಟ್ಯಾಬಿತಾ, ಅವರು ನಿನ್ನ ಅಂಕ ನೋಡಲೇ ಇಲ್ಲ.

ಈಗ ಕೂತು ಓದು. ನಿಂತು ಓದಬೇಡ.

2009ರ ಆಗಸ್ಟ್‌ನಲ್ಲಿ ಹೈಸ್ಕೂಲಿನಿಂದ ನಿನ್ನ ಅಂಕಪಟ್ಟಿಯ ಲಕೋಟೆ ಮನೆಗೆ ಬಂತು. ಮುಚ್ಚಿದ ಅಂಚಿನ ಮೇಲೆ ಶಾಲೆಯ ನೀಲಿ ಮೊಹರು, ಪಕ್ಕದಲ್ಲಿ ಶಾಲೆಯ ಆಫೀಸಿನ ವಿಲ್ಮಾ ಫ್ಯೂಗೇಟಳ ಸಹಿ. ತೆರೆದರೆ ಇದು ಅಸಿಂಧು ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನೀನು ಡೈನರ್ ಹೋಟೆಲಿಗೆ ಕೆಲಸಕ್ಕೆ ಹೋಗಿದ್ದೆ. ಹಿಂದಿನ ವಾರ ಇದೇ ಮೇಜಿನಲ್ಲಿ ಬೀನ್ಸ್ ಬಡಿಸಿಕೊಳ್ಳುತ್ತಾ, "ಬೀಜಗಣಿತದಲ್ಲಿ ತೊಂಬತ್ತಾರಮ್ಮಾ" ಅಂದಿದ್ದೆಯಲ್ಲ, ನಾನು ನಂಬಿರಲಿಲ್ಲ. ನಮ್ಮ ನೇಪಿಯರ್ ಮನೆಯ ಹೆಂಗಸರಿಗೆ ಲೆಕ್ಕ ಬರುವುದಿಲ್ಲವೆಂದು ನಾನೇ ನಿನಗೆ ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದೆ. ನನಗೆ ಬೀಜಗಣಿತದಲ್ಲಿ ನಲವತ್ತೊಂದು ಬಂದಿತ್ತು. ನನಗೆ ಬಾರದ್ದು ನಿನಗೆ ಹೇಗೆ ಬಂದೀತು?

ಕೆಟಲಿನ ಹಬೆಗೆ ಹಿಡಿದು ಲಕೋಟೆ ಬಿಚ್ಚಿದೆ. ತೊಂಬತ್ತಾರು ಇತ್ತು. ಮೂರು ಸಲ ನೋಡಿದೆ. ಮೈದಾ ಅಂಟು ಹಚ್ಚಿ ಮತ್ತೆ ಮುಚ್ಚಿದೆ. ಆದರೆ ಮೊಹರಿನ ಎರಡು ಅರ್ಧಗಳು ಒಂದಕ್ಕೊಂದು ಕೂಡಲಿಲ್ಲ. ಒಂದು ದಾರದೆಳೆಯಷ್ಟು ಆಚೀಚೆ.

ಮಾರನೆಯ ದಿನ ಅದನ್ನು ಕೊಡಲು ಕಾಲೇಜಿಗೆ ನಾನೇ ಹೋದೆ, ನಿನಗೆ ರಜೆ ಸಿಗಲಿಲ್ಲವೆಂದು. ಕೌಂಟರಿನಲ್ಲಿದ್ದ ಹುಡುಗಿ ನಿನಗಿಂತ ಐದು ವರ್ಷ ದೊಡ್ಡವಳಿರಬಹುದು. ಲಕೋಟೆ ತಿರುಗಿಸಿ ಅಂಚಿನ ಮೇಲೆ ಉಗುರು ಓಡಿಸಿದಳು.

"ಮೇಡಂ, ಇದನ್ನ ಯಾರೋ ಬಿಚ್ಚಿದ್ದಾರೆ. ಬಿಚ್ಚಿದ್ದನ್ನ ನಾವು ತಗೊಳ್ಳೋ ಹಾಗಿಲ್ಲ."

"ಬಿಚ್ಚಿದ್ರೆ ಏನಂತೆ, ಒಳಗಿರೋ ಅಂಕಿ ಓಡಿಹೋಗುತ್ತಾ?"

"ಓಡಿಹೋಗಲ್ಲ ಮೇಡಂ. ಕೆಲವರ ಮನೇಲಿ ಬೆಳೆದುಬಿಡುತ್ತೆ."

ನನ್ನ ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಐವತ್ತೆರಡು ವರ್ಷ ಬದುಕಿದ್ದೆ. ನನ್ನನ್ನು ಕಳ್ಳಿ ಎಂದು ಅದುವರೆಗೆ ಯಾರೂ ನಕ್ಕಿರಲಿಲ್ಲ. ಲಕೋಟೆ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಅಷ್ಟು ಹೊತ್ತಿಗೆ ಬೇರೆ ದಾರಿ ಉಳಿದಿರಲಿಲ್ಲ.

ನೀನು ಸಂಜೆ ಎಣ್ಣೆವಾಸನೆ ಹೊತ್ತು ಬಂದು ಬಾಗಿಲಲ್ಲೇ, "ಏನಂದ್ರಮ್ಮಾ?" ಅಂದೆ.

"ನೋಡಿದ್ರು. ಸಾಲದಂತೆ. ಪ್ರವೇಶ ಪರೀಕ್ಷೆ ಬರೀಬೇಕಂತೆ."

"ತೊಂಬತ್ತಾರು ಸಾಲದಾ?"

"ನಮ್ಮ ಸ್ಕೂಲಿನ ತೊಂಬತ್ತಾರನ್ನ ಅಲ್ಲಿ ಯಾರು ಕೇಳ್ತಾರೆ?"

ನೀನು ಒಂದು ಶೂ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದೆ. ನಾನು ಒಲೆಯ ಕಡೆ ತಿರುಗಿಕೊಂಡೆ.

ನಾಲ್ಕನೇ ದಿನಕ್ಕೆ ನೀನು ಪರೀಕ್ಷೆಗೆ ಕೂತೆ. ಗೊತ್ತಿದ್ದದ್ದೂ ಕೈಬಿಟ್ಟಿತು ಅಂದೆ. ನಾನಾದರೋ ಆಗ ಸೋಮಾರಿತನ ಅಂದುಕೊಂಡೆ. ನಿನ್ನನ್ನು ಎಲ್ಲಕ್ಕಿಂತ ಕೆಳಗಿನ ತರಗತಿಗೆ ಹಾಕಿದರು, ಐದನೇ ಕ್ಲಾಸಿನ ಮಕ್ಕಳ ಭಿನ್ನರಾಶಿ. ಅದಾದ ಮೇಲೆ ಇನ್ನೊಂದು, ಅದಾದ ಮೇಲೆ ಬೀಜಗಣಿತ. ಮೂರರಲ್ಲಿ ಒಂದೂ ಡಿಗ್ರಿಯ ಎಣಿಕೆಗೆ ಸೇರದು, ಮೂರೂ ಮುಗಿಯದೆ ನೀನು ಸೇರಬೇಕೆಂದಿದ್ದ ನರ್ಸಿಂಗಿನ ಬಾಗಿಲು ತೆರೆಯದು. ಮೊದಲ ಎರಡನ್ನು ಪಾಸು ಮಾಡಿದೆ. ಪಾಸಾದೆ ಅಂತ ಹೇಳುವಾಗಲೂ ನಿನ್ನ ಮುಖದಲ್ಲಿ ನಾಚಿಕೆಯೇ ಇರುತ್ತಿತ್ತು.

ಮೂರನೆಯದಕ್ಕೆ ಪಾಠ ಹೇಳುವ ಮೇಷ್ಟರೇ ಇರಲಿಲ್ಲ. ದೊಡ್ಡ ಹಾಲ್, ಸಾಲುಸಾಲು ಕಂಪ್ಯೂಟರ್. ಗೊತ್ತಾಗದಿದ್ದರೆ ಕೆಂಪು ಪ್ಲಾಸ್ಟಿಕ್ ಲೋಟವನ್ನು ಕಂಪ್ಯೂಟರಿನ ತಲೆಯ ಮೇಲೆ ಇಡಬೇಕು, ಆಗ ಯಾರಾದರೂ ಬಂದು ಹೇಳಿಕೊಡುತ್ತಾರೆ. ಒಂದು ಮಧ್ಯಾಹ್ನ ನಿನ್ನ ಕಾರು ಕೆಟ್ಟು, ನಾನು ಕರೆದುಕೊಂಡು ಹೋಗಲು ಬಂದಿದ್ದೆ. ಕಿಟಕಿಯ ಆಚೆ ನಿಂತು ಒಂದು ಗಂಟೆ ನೋಡಿದೆ. ಎಲ್ಲರ ಕಂಪ್ಯೂಟರಿನ ಮೇಲೂ ಕೆಂಪು ಲೋಟಗಳು ಏರುತ್ತಿದ್ದವು, ಇಳಿಯುತ್ತಿದ್ದವು. ನೀನು ಮಾತ್ರ ಒಂದೇ ಲೆಕ್ಕದ ಮುಂದೆ ಕಲ್ಲಿನಂತೆ ಕೂತಿದ್ದೆ. ನಿನ್ನ ಲೋಟ ಕಾಲ ಬಳಿ ನೆಲದಲ್ಲಿತ್ತು. ದಾರಿಯಲ್ಲಿ ಕೇಳಿದ್ದಕ್ಕೆ, "ಅದನ್ನ ಇಟ್ರೆ ಎಲ್ರೂ ನೋಡ್ತಾರಮ್ಮಾ" ಅಂದೆ.

ನನಗೆ ಅವತ್ತು ಎಷ್ಟು ಹೆಮ್ಮೆಯಾಯಿತು ಗೊತ್ತೇನು? ನಮ್ಮವರು ಯಾರ ಮುಂದೆಯೂ ಕೈಚಾಚುವುದಿಲ್ಲ ಎಂದು ಚರ್ಚಿನಲ್ಲಿ ಇಬ್ಬರಿಗೆ ಹೇಳಿದೆ.

ಎರಡು ಸಲ ಫೇಲಾದೆ. ಮೂರನೇ ಸಲ ಕೂರಿಸಲಿಲ್ಲ. ಆಮೇಲಿನದು ನಿನಗೂ ಗೊತ್ತು, ನ್ಯಾಯಾಧೀಶರಿಗೂ ಗೊತ್ತು. ನರ್ಸ್ ಆಗಬೇಕಾದವಳು ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಮಲಗಿಸುವವಳಾದೆ. ಬೆನ್ನು ಹೋಯಿತು, ಬೆನ್ನಿಗೆ ಮಾತ್ರೆ, ಮಾತ್ರೆಗೆ ಇನ್ನಷ್ಟು ಮಾತ್ರೆ, ಕೊನೆಗೆ ಆ ಮುದುಕರ ಡಬ್ಬಿಯಿಂದಲೇ ತೆಗೆದೆ. ಕದ್ದದ್ದು ನೀನು, ಅದನ್ನು ನಾನು ನನ್ನ ಮೇಲೆ ಹಾಕಿಕೊಳ್ಳುವುದಿಲ್ಲ. ಆದರೆ ಕೋರ್ಟಿನಲ್ಲಿ ನನ್ನನ್ನು ಕೇಳಿದಾಗ, "ನಾನು ಬೆಳೆಸಿದ್ದು ಹೀಗಲ್ಲ ಸ್ವಾಮಿ" ಅಂದೆ. ನೀನು ತಿರುಗಿ ನೋಡಿದೆ. ಆ ಮಾತು ಸುಳ್ಳೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಕಳೆದ ಗುರುವಾರ ಹೈಸ್ಕೂಲಿಗೆ ಹೋಗಿದ್ದೆ. ವಿಲ್ಮಾ ಇನ್ನೂ ಅದೇ ಕುರ್ಚಿಯಲ್ಲಿದ್ದಾಳೆ. ನಾವಿಬ್ಬರೂ ಅದೇ ಶಾಲೆಯಲ್ಲಿ ಒಂದೇ ತರಗತಿ. ನನ್ನ ನಲವತ್ತೊಂದನ್ನು ಬಸ್ಸಿನಲ್ಲಿ ಕೂಗಿ ಹೇಳಿದವಳು ಅವಳೇ. ಅದರ ನಂತರ ಅವಳ ಜೊತೆ ಹವಾಮಾನ ಬಿಟ್ಟು ಬೇರೆ ಮಾತಾಡಿದವಳಲ್ಲ ನಾನು. ಆಫೀಸಿನಲ್ಲಿ ಬಸ್ ಡ್ರೈವರ್ ಒಬ್ಬ, ಶಿಕ್ಷೆಗೆ ಕೂರಿಸಿದ್ದ ಇಬ್ಬರು ಹುಡುಗಿಯರು.

"ಏನೇ ಆಲ್ಟಾ, ದಾರಿ ತಪ್ಪಿ ಬಂದ್ಯಾ?"

"ಟ್ಯಾಬಿತಾಳ ಅಂಕಪಟ್ಟಿ ಬೇಕು. ಮೊಹರು ಹಾಕಿದ್ದು."

"ಆವತ್ತೇ ಕಳಿಸಿದ್ನಲ್ಲೇ. ಏನ್ಮಾಡ್ದೆ, ಉಪ್ಪಿನಕಾಯಿ ಹಾಕಿದ್ಯಾ?"

"ಒಡೆದೆ. ಅವಳು ನನಗೆ ಸುಳ್ಳು ಹೇಳ್ತಿದ್ದಾಳೆ ಅಂದ್ಕೊಂಡು ಒಡೆದೆ."

ಡ್ರೈವರ್ ಕಾಫಿ ಲೋಟ ಕೆಳಗಿಟ್ಟ. ಅವಳು ಈಗ ಏನಾದರೂ ಚುಚ್ಚುತ್ತಾಳೆಂದು ಹಲ್ಲು ಬಿಗಿಹಿಡಿದು ನಿಂತೆ. ಅವಳು ಕನ್ನಡಕ ತೆಗೆದು ಒರೆಸಿದಳು. "ಆ ವರ್ಷ ತೊಂಬತ್ತರ ಮೇಲೆ ಇದ್ದದ್ದು ನಿನ್ನ ಮಗಳೊಬ್ಳೇ ಕಣೇ. ಕಾಲೇಜಿಗೆ ಹೋಗಿ ಇದೇ ಸ್ಕೂಲಿಗೆ ಲೆಕ್ಕದ ಟೀಚರ್ ಆಗಿ ಬರ್ತಾಳೇನೋ ಅಂತಿದ್ದೆ. ಆಗಲೇ ಬಂದಿದ್ರೆ ಹತ್ತು ನಿಮಿಷದ ಕೆಲ್ಸ ಆಗಿತ್ತಲ್ಲೇ ಆಲ್ಟಾ." ಬೈದಿದ್ದರೆ ವಾಪಸ್ಸು ಬೈಯುತ್ತಿದ್ದೆ.

ಹೊಸ ಲಕೋಟೆಯನ್ನು ಅವಳು ನನ್ನ ಕೈಗೆ ಕೊಡಲು ಬಂದಳು. ನಾನು ಮುಟ್ಟಲಿಲ್ಲ. ನೇರ ಜೈಲಿನ ಶಿಕ್ಷಣಾಧಿಕಾರಿಗೆ ಅಂಚೆಗೆ ಹಾಕು ಅಂದೆ. ಹದಿನೈದರೊಳಗೆ ತಲುಪುತ್ತದೆ. ಈ ಕಾಗದದೊಳಗೆ ಮಡಚಿಟ್ಟಿರುವುದು ಹಳೆಯದು, ನಾನು ಒಡೆದದ್ದು. ಅದಕ್ಕೆ ಬೆಲೆಯಿಲ್ಲ. ಆದರೂ ಬೀಜಗಣಿತದ ಮುಂದಿನ ಅಂಕಿಯನ್ನು ನೀನೇ ಕಣ್ಣಾರೆ ನೋಡಬೇಕು.

ಹತ್ತೊಂಬತ್ತಕ್ಕೆ ಮುಂಚೆ ಹೆಸರು ಕೊಡು. ಅಪ್ಪಣೆಯ ಹಾಗೆ ಕೇಳಿಸುತ್ತಿದ್ದರೆ, ಕೇಳಿಕೊಳ್ಳುವುದು ನನಗೆ ಬೇರೆ ರೀತಿಯಲ್ಲಿ ಬರುವುದಿಲ್ಲ. ಅಲ್ಲಿ ಲೆಕ್ಕ ತಿಳಿಯದಿದ್ದರೆ ಕೈಯೆತ್ತು. ಯಾರು ನೋಡಿದರೂ ಎತ್ತು. ನಾನು ಕಲಿಸಿದ್ದನ್ನು ಮರೆತುಬಿಡು.

ಕ್ಷಮಿಸು ಎಂದು ಬರೆಯುವುದಿಲ್ಲ. ನಾನು ನಿನ್ನ ಜಾಗದಲ್ಲಿದ್ದರೆ ಕ್ಷಮಿಸುತ್ತಿರಲಿಲ್ಲ.

ನಿನ್ನ ತಾಯಿ,
ಆಲ್ಟಾ ಮೇ ನೇಪಿಯರ್

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಬೇರೆ ದಾರಿ ಉಳಿದಿರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಸಾಲಿನವರು ನಕ್ಕ ಮೇಲೆ ಆ ಕೌಂಟರಿನ ಹುಡುಗಿಗೆ ಪಾಪ ಅನ್ನಿಸಿತೋ ಏನೋ, ದನಿ ತಗ್ಗಿಸಿದಳು. "ಬೇಜಾರಾಗ್ಬೇಡಿ ಮೇಡಂ. ಸ್ಕೂಲಿನಿಂದ ಇನ್ನೊಂದು ತನ್ನಿ, ಹತ್ತು ದಿನ ಟೈಮಿದೆ. ಅಲ್ಲಿವರೆಗೂ ನಿಮ್ಮ ಮಗಳಿಗೆ ಕಾಲೇಜು ಗಣಿತದಲ್ಲಿ ಒಂದು ಜಾಗ ಹಿಡಿದಿಡ್ತೀನಿ" ಅಂದು ಪಟ್ಟಿಯ ಕೊನೆಯಲ್ಲಿ ಪೆನ್ಸಿಲಿನಿಂದ ನಿನ್ನ ಹೆಸರು ಬರೆದಳು. ಇನ್ನೊಂದು ತರಬೇಕೆಂದರೆ ವಿಲ್ಮಾಳ ಮುಂದೆ ನಿಂತು, ಒಡೆದೆ ಎನ್ನಬೇಕಿತ್ತು. ಬೇಕಾಗಿಲ್ಲ, ಅಳಿಸಿ ಅಂದೆ. ಅವಳು ಎರಡು ಸಲ ಕೇಳಿದಳು. ಪೂರ್ತಿ ಅಳಿಸುವವರೆಗೂ ನಿಂತು ನೋಡಿ, ಆಮೇಲೆ ಹೊರಟೆ.