ತಲೆಕೆಳಗಾದಷ್ಟು ಹೊತ್ತು

ಮಂಗಳವಾರ, ರಾತ್ರಿ

'ಬೇರು ಮೇಲಾದ ಮರಕ್ಕೆ ಮುಗಿಲೇ ನೆಲ.' ಎಲ್ಲಿ ಓದಿದೆನೋ, ಸಾಲು ಹೀಗೇ ಇತ್ತೋ ಇಲ್ಲವೋ. ಮರದ ಮಾತು ಸರಿ, ಅದಕ್ಕೆ ಕಣ್ಣಿಲ್ಲ.

ಕಣ್ಣಿನ ಡಾಕ್ಟರು ಕಳೆದ ವಾರವೇ ಹೇಳಿದ್ದರು. "ಶೀರ್ಷಾಸನ ಬಿಟ್ಟುಬಿಡಿ. ತಲೆಕೆಳಗಾದಷ್ಟು ಹೊತ್ತೂ ಕಣ್ಣಿನ ಒತ್ತಡ ಏರುತ್ತೆ. ಒಮ್ಮೆ ಹೋದ ದೃಷ್ಟಿ ವಾಪಸ್ ಬರಲ್ಲ." ಪಕ್ಕದಲ್ಲಿ ಇವರೂ ಕೂತಿದ್ದರು.

ಬಿಡಲು ಆಗುತ್ತಿಲ್ಲ. ವರ್ಷಗಟ್ಟಲೆ ಹತ್ತಿರ ಸುಳಿಯದ ನಿದ್ದೆ ಮರಳಿದ್ದೇ ಅದರಿಂದ. ಕಾಲುಗಳು ಮೇಲೆ ನೆಟ್ಟಗಾದ ಕೂಡಲೇ ತಲೆಯೊಳಗಿನ ಗಲಾಟೆ ಅಡಗುತ್ತದೆ. ಇವರು ವಾಕಿಂಗ್‌ಗೆ ಹೊರಟಮೇಲೆ ದಿನವೂ ಗೋಡೆಯ ಪಕ್ಕ ಏರುತ್ತೇನೆ. ಇಳಿಯುವಾಗ ಮಾತ್ರ ಎಡಗಾಲು ಹಿಡಿತಕ್ಕೆ ಸಿಗದೆ ನೆಲಕ್ಕೆ ಬೀಳುತ್ತದೆ.

ಈ ಬೆಳಿಗ್ಗೆ ಇಳಿದಾಗ ದೀಪದ ಸುತ್ತ ಬಣ್ಣದ ಬಳೆ ಕಾಣಿಸಿತು. ಕವನದ ಪುಸ್ತಕ ತೆರೆದು, ಒಂದೊಂದೇ ಕಣ್ಣು ಮುಚ್ಚಿ ಓದಿನೋಡಿದೆ. ಸಾಲುಗಳು ಇದ್ದವು. ಆದರೂ ಇನ್ನೊಮ್ಮೆ ಮೊದಲಿನಿಂದ ಓದಿನೋಡಿದೆ.

ಸಂಜೆ ಕಣ್ಣಿಗೆ ಹನಿ ಹಾಕುತ್ತ ಇವರು ಕೇಳಿದರು, "ಬಿಟ್ಟೆ ತಾನೆ?"

"ಬಿಟ್ಟೆ ಕಣ್ರೀ." ರೆಪ್ಪೆ ಹಿಡಿದ ಅವರ ಬೆರಳಡಿಯಲ್ಲೇ ಸುಳ್ಳು ಹೇಳಿದೆ.

ಆಗಲೇ ಬೆಲ್ ಆಯಿತು. ಇವರೇ ಹೋಗಿ ಬಾಗಿಲು ತೆಗೆದರು. ಕೆಳಗಿನ ಮನೆಯ ಹುಡುಗಿ, ಸೊಂಟದ ಮೇಲೆ ಮಗಳು.

"ನಾಳೆ ಊರಿಗೆ ಹೊರಟಿದೀವಿ ಅಂಕಲ್, ಕೀ ನಿಮ್ಮ ಹತ್ರ ಇರ್ಲಿ. ಅಲ್ಲಿ ಇವಳನ್ನ ಎಬ್ಬಿಸೋದೇ ಕಷ್ಟ. ಇಲ್ಲಾದ್ರೆ ದಿನಾ ಬೆಳಿಗ್ಗೆ ನೀವು ಆಚೆ ಹೋದ್ಮೇಲೆ ಆಂಟಿ ಧಪ್ ಅನ್ನಿಸ್ತಾರಲ್ಲ, ಅದೇ ಇವಳಿಗೆ ಅಲಾರಂ. ಇವತ್ತೂ ತಪ್ಪಲಿಲ್ಲ ನೋಡಿ."