ಸದನದ ಪ್ರಕಾರ ನಾನು ದಿವಂಗತ

ಜನವರಿ 8, ಬೆಳಿಗ್ಗೆ

ವಾಕಿಂಗ್ ಆಯಿತು. ಮೇಲ್ಸೇತುವೆ ಹತ್ತಿ ಇಳಿದೆ. ಮೊಣಕಾಲುಗಳದ್ದು ಎಂದಿನ ಪ್ರತಿಭಟನೆ. ಹತ್ತುವಾಗ ಎಡಕ್ಕೆ ನೋಡುವುದಿಲ್ಲ. ಎಡಕ್ಕೆ ಉದ್ಘಾಟನೆಯ ಕಲ್ಲು, ಕಲ್ಲಿನ ಮೇಲೆ ಬಿಳಿಶೂ ಹೆಸರು.

ಹಿಂದೆಲ್ಲ ಶಾಲೆಯ ಮಕ್ಕಳು ರೈಲು ಹಳಿ ದಾಟಿ ಹೋಗುತ್ತಿದ್ದರು. ಅವರಿಗೆಂದು ಆ ಸೇತುವೆ ಮಂಜೂರು ಮಾಡಿಸಿದ್ದು ನಾನು. ಶಾಸಕನಾಗಿದ್ದದ್ದು ಒಂದೇ ಅವಧಿ, ಅದೆಲ್ಲ ಇದಕ್ಕೇ ಸವೆಯಿತು. ಕೊನೆಯ ಮೆಟ್ಟಿಲಿಗೆ ಸಿಮೆಂಟ್ ಹಾಕುವಷ್ಟರಲ್ಲಿ ಚುನಾವಣೆ. ಸೋತೆ. ಗೆದ್ದವನು ಬಂದು ರಿಬ್ಬನ್ ಕತ್ತರಿಸಿದ. ಆವತ್ತೂ ಬಿಳಿ ಶೂ ಹಾಕಿದ್ದ, ಇವತ್ತೂ ಹಾಕುತ್ತಾನೆ. ನನ್ನ ಪಾಲಿಗೆ ಅದೇ ಅವನ ಹೆಸರು. ಈಗ ಮಂತ್ರಿ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ, ನನಗೆ ಗೊತ್ತಿಲ್ಲದ್ದೇನಲ್ಲ. ಬರೆದರೆ ಹೊಟ್ಟೆಯುರಿ ಸ್ವಲ್ಪ ಇಳಿಯುತ್ತದೆ.

ತಿಂಡಿಗೆ ಕೂತಾಗ ಹೆಂಡತಿ ಮತ್ತೆ ಶುರು ಮಾಡಿದಳು. ಪೆನ್ಷನ್ ಆಫೀಸಿಗೆ ಹೋಗಿ ಲೈಫ್ ಸರ್ಟಿಫಿಕೇಟ್ ಕೊಟ್ಟು ಬರಬೇಕಂತೆ. ಹೋಗುವುದಿಲ್ಲ ಎಂದೆ. ಹೋದ ವರ್ಷ ಆ ಗುಮಾಸ್ತ ನನ್ನ ಮುಖವನ್ನೂ ಫೋಟೋವನ್ನೂ ನಾಲ್ಕು ಸಲ ಹೋಲಿಸಿ ನೋಡಿ, "ಮುಂದಿನ ವರ್ಷಾನೂ ಬನ್ನಿ, ಇದ್ರೆ" ಅಂದಿದ್ದ. ಶಾಸನ ಮಾಡಿದವನು ನಾನು. ಬದುಕಿದ್ದೇನೆ ಅಂತ ನಾನೇ ಅರ್ಜಿ ಹಾಕಬೇಕೇ?

ಜನವರಿ 22

ನೋಟಿಸ್ ಬಂದಿದೆ. ಸರ್ಟಿಫಿಕೇಟ್ ತಲುಪದಿದ್ದಲ್ಲಿ "ತಾವು ಜೀವಂತ ಇಲ್ಲವೆಂದು ಪರಿಗಣಿಸಲಾಗುವುದು" ಎಂದು ಒಕ್ಕಣೆ. ಇವಳು ಎರಡು ಸಲ ಗಟ್ಟಿಯಾಗಿ ಓದಿದಳು, ಪಾಠ ಮಾಡುವ ದನಿಯಲ್ಲಿ. ನಿವೃತ್ತಿಯಾದರೂ ಟೀಚರ್ ಟೀಚರೇ.

ಪರಿಗಣಿಸಲಿ ಎಂದೆ.

ಫೆಬ್ರವರಿ 16, ಬೆಳಿಗ್ಗೆ

ಇಂದಿನಿಂದ ಅಧಿವೇಶನ. ಇಸ್ತ್ರಿ ಶರ್ಟು ಹಾಕಿಕೊಂಡು ಟಿವಿ ಮುಂದೆ ಹಾಜರು. ತೊಡೆಯ ಮೇಲೆ ಈ ಡೈರಿ, ಪಕ್ಕದಲ್ಲಿ ನಿಯಮಗಳ ಪುಸ್ತಕ. ಅಲ್ಲಿ ನಡೆದದ್ದನ್ನು ಇಲ್ಲಿ ಬರೆದುಕೊಳ್ಳುವುದು ಹಳೆಯ ಚಾಳಿ. ಯಾರಾದರೂ ನಿಯಮ ತಪ್ಪಿದರೆ ಸೋಫಾದಿಂದಲೇ ಕ್ರಿಯಾಲೋಪ, ಅಂದರೆ ಪಾಯಿಂಟ್ ಆಫ್ ಆರ್ಡರ್, ಎತ್ತುತ್ತೇನೆ. ಸ್ಪೀಕರ್ ಇದುವರೆಗೆ ಒಂದಕ್ಕೂ ರೂಲಿಂಗ್ ಕೊಟ್ಟಿಲ್ಲ.

ಇವಳಿಗೆ ಭಾಷಣ ಬೇಡ, ಹಿಂದಿನ ಸಾಲು ಬೇಕು. ತರಗತಿಯಲ್ಲಿ ಹಿಂದಿನ ಬೆಂಚಿನ ಪಿಸುಮಾತನ್ನು ತುಟಿ ನೋಡಿಯೇ ಹಿಡಿಯುತ್ತಿದ್ದವಳು. ಕ್ಯಾಮೆರಾ ಆ ಕಡೆ ತಿರುಗಿದರೆ ಸಾಕು, ವರದಿ ಶುರು. ಮೂರನೇ ಸಾಲಿನ ದಪ್ಪ ಸದಸ್ಯರು ಪಕ್ಕದವರನ್ನು ಊಟಕ್ಕೆ ಎಷ್ಟು ಹೊತ್ತಿಗೆ ಬಿಡುತ್ತಾರೆಂದು ಕೇಳುತ್ತಿದ್ದಾರಂತೆ.

ಮೊದಲಿಗೆ ಸಂತಾಪ ಸೂಚನೆ. ಅಗಲಿದ ಮಾಜಿಗಳ ಹೆಸರು ಓದುತ್ತಿದ್ದಾರೆ. ಒಬ್ಬರು ಗೊತ್ತಿಲ್ಲ. ಇನ್ನೊಬ್ಬರು ಗೊತ್ತು, ಒಳ್ಳೆಯವರು, ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದ್ದರು, ಸದನದಲ್ಲಿ. ಮೂರನೆಯವರು...

ಮೂರನೆಯವನು ನಾನು.

ಅದೇ ದಿನ, ಸ್ವಲ್ಪ ಹೊತ್ತಿನ ಮೇಲೆ

ಅಕ್ಷರ ಸೊಟ್ಟ. ಇರಲಿ.

ನನ್ನ ಹೆಸರು, ಕ್ಷೇತ್ರ, ಅವಧಿ, ಎಲ್ಲ ಸರಿಯಾಗಿ ಓದಿದರು. ಸರಳ, ಸಜ್ಜನ, ಮಿತಭಾಷಿ ಎಂದರು. ಮಿತಭಾಷಿ ಅನ್ನುತ್ತಲೇ ಇವಳು ಅಡುಗೆಮನೆಯಿಂದ ಹೊರಗೆ ಬಂದು, ಯಾರಪ್ಪಾ ಪಾಪ, ಎಂದಳು. ನಾನೇ ಎಂದೆ.

ಆಮೇಲೆ ಬಿಳಿಶೂ ಎದ್ದ. ಕನ್ನಡಕ ತೆಗೆದು ಒರೆಸಿಕೊಂಡ. ಅವನ ಮಾತು ಇದ್ದದ್ದು ಇದ್ದ ಹಾಗೆ ಬರೆದುಕೊಂಡಿದ್ದೇನೆ:

"ಮಾನ್ಯ ಸಭಾಧ್ಯಕ್ಷರೇ, ನನ್ನ ಕ್ಷೇತ್ರದ ಮೇಲ್ಸೇತುವೆ ನಾನು ಕಟ್ಟಿಸಿದ್ದು ಅಂತ ಎಲ್ಲರೂ ತಿಳ್ಕೊಂಡಿದ್ದಾರೆ. ಅದನ್ನ ಕಟ್ಟಿಸಿದ್ದು ಅವರು. ನಾನು ಕತ್ತರಿ ಹಿಡಿದೆ, ಅಷ್ಟೇ."

ಸದನದಲ್ಲಿ! ಕಡತಕ್ಕೆ ಹೋಗುವ ಹಾಗೆ!

ಕೊನೆಗೆ ಮೌನಾಚರಣೆ. ಸದನ ಎದ್ದು ನಿಂತಾಗ ಕೂತಿರುವುದು ಮರ್ಯಾದೆಯಲ್ಲ. ನಾನೂ ಎದ್ದು ನಿಂತೆ. ಇವಳೂ ನಿಂತಳು, ಕೈಯಲ್ಲಿ ಸೌಟು. ಅವಳ ಕಣ್ಣಲ್ಲಿ ನೀರಿತ್ತು. ನಾನಿನ್ನೂ ಇದ್ದೇನಲ್ಲ ಎಂದೆ. ಅದಕ್ಕಲ್ಲ, ಸೇತುವೆಗೆ ಎಂದಳು.

ಸಂಜೆ

ಮಗಳ ಫೋನು. ಅಳುತ್ತಿದ್ದಳು. ನಾನೇ ಮಾತಾಡಿದೆ. ಅಳು ನಿಂತಿತು, ಬೈಗುಳ ಶುರುವಾಯಿತು. ಬದುಕಿದ್ದದ್ದಕ್ಕೆ ಇಷ್ಟು ಬೈಸಿಕೊಂಡವನು ನಾನೊಬ್ಬನೇ ಇರಬೇಕು.

ಎದುರು ಸಾಲಿನ ಕ್ಷೌರದವನು ಹೂಗುಚ್ಛ ಹಿಡಿದುಕೊಂಡು ಬಂದ. ಬಾಗಿಲು ತೆರೆದವನು ನಾನು. ತುಂಬ ಹೊತ್ತು ನೋಡಿ, ಹಾಗಾದರೆ ನಾಳೆ ಶೇವಿಂಗ್ ಉಂಟಲ್ಲ ಸಾರ್, ಎಂದ. ಉಂಟು, ಆದರೆ ಮನೆಯಲ್ಲೇ, ಮತ್ತೆ ಬಾಯಿ ಬಿಡಬೇಡ ಎಂದೆ.

ನಾಳೆ ಬೆಳಿಗ್ಗೆಯೇ ಸ್ಪೀಕರ್ ಕಚೇರಿಗೆ ಫೋನ್ ಮಾಡಿ ಬದುಕಿದ್ದೇನೆ ಎಂದು ಹೇಳಿ ಎಂದು ಇವಳ ಹಟ. ನಿಯಮ ವಿವರಿಸಿದೆ. ಸತ್ತದ್ದೇ ತಪ್ಪು ಎಂದಾದರೆ ಸಂತಾಪವೇ ತಪ್ಪು. ಇಡೀ ಸೂಚನೆಯನ್ನು ಕಡತದಿಂದ ತೆಗೆಯುತ್ತಾರೆ. ಸಾವಿನ ಜೊತೆ ಸೇತುವೆಯೂ ಹೋಗುತ್ತದೆ. ನಡಾವಳಿ ಅಚ್ಚಾಗಿ ಬರಲಿ, ಆಮೇಲೆ ಬದುಕಿದರಾಯಿತು.

ಇವಳು ಯೋಚಿಸಿದಳು. ನಾನು ಸುಳ್ಳು ಮಾತ್ರ ಹೇಳುವುದಿಲ್ಲ ಎಂದಳು.

ಫೆಬ್ರವರಿ 17

ಪರದೆ ಎಳೆದು ಒಳಕೋಣೆಯಲ್ಲಿದ್ದೇನೆ. ಹೊರಗೆ ಜನವೋ ಜನ. ಬದುಕಿದ್ದಾಗ ಇವರೆಲ್ಲ ಎಲ್ಲಿದ್ದರೋ. ಬದುಕಿದ್ದೇನೆ, ಆದರೂ.

ಇವಳು ಒಂದೂ ಸುಳ್ಳು ಹೇಳಲಿಲ್ಲ. ಹೇಗೆ ಹೋದರು ಎಂದರೆ, "ನನಗೂ ಗೊತ್ತಿಲ್ಲ, ಟಿವೀಲೇ ನೋಡಿದ್ದು" ಅನ್ನುತ್ತಾಳೆ. ಕೊನೆಗೆ ಏನಾದರೂ ಹೇಳಿದರಾ ಎಂದರೆ, ಕಾಫಿಗೆ ಸಕ್ಕರೆ ಕಡಿಮೆ ಅಂದರು, ಅನ್ನುತ್ತಾಳೆ. ಕೇಳಿದವರು ಇನ್ನೂ ಜೋರಾಗಿ ಅಳುತ್ತಾರೆ. ಸಂಸ್ಕಾರ ಸದ್ದಿಲ್ಲದೆ ಮುಗಿಸಿಬಿಟ್ಟಿರಲ್ಲ ಎಂದು ಎಲ್ಲರೂ ಅವಳನ್ನೇ ತರಾಟೆಗೆ ತೆಗೆದುಕೊಂಡರು.

ಪಕ್ಷದ ಕಚೇರಿಯಿಂದ ದೊಡ್ಡ ಹೂಗುಚ್ಛ. ಹೋದ ಸಲ ಅಲ್ಲಿಗೆ ಹೋದಾಗ ಕೂರಲು ಕುರ್ಚಿ ಕೊಟ್ಟಿರಲಿಲ್ಲ.

ಪೇಪರಿನಲ್ಲಿ ನನ್ನ ಹಳೆಯ ಫೋಟೋ, ಮೀಸೆ ಇದ್ದ ಕಾಲದ್ದು. ಇವಳು ಅದನ್ನು ಕತ್ತರಿಸಿ ಇಟ್ಟುಕೊಂಡಳು. ನನ್ನನ್ನೊಮ್ಮೆ, ಅದನ್ನೊಮ್ಮೆ ನೋಡಿದಳು. ಆ ಗುಮಾಸ್ತನೇ ವಾಸಿ.

ಫೆಬ್ರವರಿ 19

ಎಲ್ಲ ಕೆಟ್ಟಿತು. ನಾನೇ ಕೆಡಿಸಿದೆ.

ಕ್ಷೌರದವನು ಬಚ್ಚಲುಮನೆಯಲ್ಲಿ ಶೇವಿಂಗ್ ಮಾಡುತ್ತಿದ್ದ. ಒಂದು ಕೆನ್ನೆ ಆಗಿತ್ತು. ಹೊರಗೆ ಕಾರು ನಿಂತ ಸದ್ದು. ಬಾಗಿಲ ಸಂದಿಯಿಂದ ನೋಡಿದರೆ ಹೊಸ್ತಿಲಾಚೆ ಒಂದು ಜೊತೆ ಬಿಳಿ ಶೂ.

ಬಿಳಿಶೂ ನನ್ನ ಸೋಫಾದಲ್ಲೇ ಕೂತ. ಇವಳನ್ನು ಅಕ್ಕಾ ಎಂದ. ಟಿವಿಯಲ್ಲಿ ತುಟಿ ನೋಡಿಯೇ ಸದನದ ಪಿಸುಮಾತೆಲ್ಲ ಹಿಡಿಯುತ್ತೇನೆ ಎಂದು ಇವಳು ಅವನಿಗೆ ಹೇಳಿದಳು. ಸೇತುವೆಯ ಕಲ್ಲಿನ ಮೇಲೆ ಅವರ ಹೆಸರು ಹಾಕಿಸುತ್ತೇನೆ ಎಂದ. ಕ್ಷೌರದವನ ಕೈ ಹಿಡಿದುಕೊಂಡೆ. ಬಿಳಿಶೂ ಅಷ್ಟಕ್ಕೇ ಎದ್ದು ಹೋಗಿದ್ದರೆ ಇವತ್ತು ನಾನು ಸುಖವಾಗಿ ಸತ್ತಿರುತ್ತಿದ್ದೆ.

ಹೋಗಲಿಲ್ಲ. ಹೊಗಳುವುದು ಮುಗಿದ ಮೇಲೆ ಮನುಷ್ಯ ತನ್ನ ಕಡೆಗೇ ತಿರುಗುತ್ತಾನೆ ನೋಡಿ. "ಅವರಿಗೂ ನನ್ನ ಮೇಲೆ ಪ್ರೀತಿ ಅಕ್ಕಾ. ಕ್ರಿಯಾಲೋಪ ಎತ್ತೋದು ಹೇಗೆ ಅಂತ ನನಗೇ ಫೋನ್ ಮಾಡಿ ಕೇಳ್ತಾ ಇದ್ರು, ನಾನೇ ಹೇಳ್ಕೊಡ್ತಿದ್ದೆ" ಎಂದ.

ನಾನು ಸದನದಲ್ಲಿದ್ದಾಗ ಇವನಿನ್ನೂ ಪೋಸ್ಟರ್ ಅಂಟಿಸುತ್ತಿದ್ದ. ಇಷ್ಟು ವರ್ಷದಲ್ಲಿ ಒಂದಾದರೂ ಕ್ರಿಯಾಲೋಪ ಎತ್ತಿದವನಲ್ಲ. ನನಗೆ ಹೇಳಿಕೊಡುವುದೇ? ಸಾವನ್ನು ಸಹಿಸಿಕೊಂಡಿದ್ದೆ, ಇದನ್ನು ಆಗಲಿಲ್ಲ. ಬಾಗಿಲು ದೂಡಿಕೊಂಡು ಹೊರಗೆ ಬಂದೆ. ಹೆಗಲ ಮೇಲೆ ಟವೆಲ್, ಒಂದು ಕೆನ್ನೆ ತುಂಬ ನೊರೆ, ಹಿಂದೆ ಕತ್ತಿ ಹಿಡಿದ ಕ್ಷೌರದವನು.

"ಕ್ರಿಯಾಲೋಪ" ಎಂದೆ.

ಬಿಳಿಶೂ ಸೋಫಾದ ಮೇಲೆ ಕಾಲು ಎತ್ತಿಕೊಂಡುಬಿಟ್ಟ. ಸುಧಾರಿಸಿಕೊಳ್ಳಲು ಒಂದು ಲೋಟ ನೀರು ಬೇಕಾಯಿತು.

"ನೀವು ತೀರಿಕೊಂಡಿದ್ದೀರಿ" ಎಂದ.

"ಸದನದ ಪ್ರಕಾರ" ಎಂದೆ.

"ಬದುಕಿದ್ದೀರಿ ಅಂತ ಗೊತ್ತಿದ್ದಿದ್ರೆ ನಾನು ಅಷ್ಟೆಲ್ಲ ಹೇಳ್ತಿರಲಿಲ್ಲ."

"ಅದು ಗೊತ್ತು. ಆದ್ರೆ ಹೇಳಿದ್ದು ನಿಜ ತಾನೇ?"

ಅವನು ಎದ್ದ. ಹೊರಗೆ ಹೋಗಿ ಶೂ ಹಾಕಿಕೊಂಡ, ಲೇಸು ಕಟ್ಟುವುದಕ್ಕೆ ತುಂಬ ಹೊತ್ತು ಹಿಡಿಯಿತು. ತಲೆ ಎತ್ತದೆ ಕಾರು ಹತ್ತಿದ.

ಅವಳು ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಇನ್ನೊಂದು ಕೆನ್ನೆ ಮುಗಿಸಿಕೊಳ್ಳಿ ಎಂದು ಒಳಗೆ ಹೋದಳು.

ಫೆಬ್ರವರಿ 20

ಸ್ಪೀಕರ್ ಕಚೇರಿಯಿಂದ ಫೋನ್. ಸರ್ಟಿಫಿಕೇಟ್ ಬಾರದ್ದಕ್ಕೆ ಪೆನ್ಷನ್ ಆಫೀಸಿನವರು ನನ್ನನ್ನು ದಿವಂಗತರ ಪಟ್ಟಿಗೆ ಸೇರಿಸಿ ಕಳುಹಿಸಿದ್ದರಂತೆ. ತಪ್ಪು ತಿದ್ದುತ್ತಾರಂತೆ. ಸೂಚನೆ ಪೂರ್ತಿ ಕಡತದಿಂದ ಹೊರಕ್ಕೆ. ಸಾವನ್ನು ಮಾತ್ರ ತೆಗೆದು ಉಳಿದದ್ದನ್ನು ಇಟ್ಟುಕೊಳ್ಳಲು ಬರುವುದಿಲ್ಲವೇ ಎಂದು ಕೇಳಿದೆ. ಆ ಕಡೆಯವರು ನಕ್ಕರು. ನಿಯಮ ಅವರ ಪರ, ನನಗೆ ಚೆನ್ನಾಗಿ ಗೊತ್ತು.

ಸಂಜೆ ಇಬ್ಬರೂ ಸೇತುವೆಗೆ ಹೋದೆವು. ಶಾಲೆ ಬಿಟ್ಟಿತ್ತು. ಮಕ್ಕಳು ಮೆಟ್ಟಿಲ ಮೇಲೆ ದಬದಬ. ಕೆಳಗೆ ರೈಲು. ಇವಳು ಕಂಬಿ ಹಿಡಿದು ನಿಂತಳು.

"ನಿಮಗಿಂತ ನನಗೇ ಬೇಕಿತ್ತು ಆ ಮಾತು" ಎಂದಳು. "ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳ್ತಿದ್ದೆ, ಇದನ್ನ ಕಟ್ಟಿಸಿದ್ದು ಯಾರು ಅಂತ. ಪ್ರತಿ ವರ್ಷ ಒಬ್ಬ ಎದ್ದು ನಿಂತು, ಕಲ್ಲಿನ ಮೇಲೆ ಬೇರೆ ಹೆಸರಿದೆ ಮಿಸ್, ಅಂತಿದ್ದ. ಸುಳ್ಳು ಹೇಳ್ತೀನಿ ಅಂದ್ಕೊಂಡಿರ್ತಾವೆ."

ಇಷ್ಟು ವರ್ಷ ಇದನ್ನು ನನಗೆ ಹೇಳಿರಲಿಲ್ಲ. ಒಂದು ಕ್ರಿಯಾಲೋಪಕ್ಕಾಗಿ ಏನು ಕಳೆದೆ ಎಂದು ಆಗ ಗೊತ್ತಾಯಿತು. ಬಹಳ ಬೇಸರವಾಯಿತು. ಇಳಿಯುವಾಗ ಅವಳ ಕೈ ಹಿಡಿದುಕೊಂಡೆ. ಮೊಣಕಾಲು ನೋವಿಗೆ ಎಂದು ಅವಳು ಅಂದುಕೊಂಡಿರಬೇಕು.

ಫೆಬ್ರವರಿ 23, ಬೆಳಿಗ್ಗೆ

ಟಿವಿ ಮುಂದೆ. ಇಸ್ತ್ರಿ ಶರ್ಟಿಲ್ಲ. ಡೈರಿ ಇದೆ.

ಸ್ಪೀಕರ್: ಮಾಜಿ ಸದಸ್ಯರು ಆರೋಗ್ಯವಾಗಿದ್ದಾರೆಂದು ತಿಳಿಸಲು ಹರ್ಷವಾಗುತ್ತದೆ. ಮೇಜು ಕುಟ್ಟಿದರು. ಮೂರನೇ ಸಾಲಿನ ದಪ್ಪ ಸದಸ್ಯರು ಯಾರಂತೆ ಎಂದು ಕೇಳುತ್ತಿದ್ದಾರೆ, ಇವಳ ವರದಿ. ಸೂಚನೆ ಹಿಂದಕ್ಕೆ. ಕಡತದಿಂದ ತೆಗೆಯಲಾಗಿದೆ. ಮುಗಿಯಿತು.

ಬಿಳಿಶೂ ಎದ್ದ.

ಈಗೇನು? ನಾನು ಹಾಗೆ ಅಂದೇ ಇಲ್ಲ ಎನ್ನುತ್ತಾನಾ? ಇವಳು ಟಿವಿಯ ಹತ್ತಿರ ಹೋಗಿ ನಿಂತಿದ್ದಾಳೆ.

"ಸಭಾಧ್ಯಕ್ಷರೇ, ಸತ್ತವರ ಬಗ್ಗೆ ಆಡಿದ ಮಾತು ಕಡತದಿಂದ ಹೋಯ್ತು. ಒಪ್ಪಿದೆ. ಅದರಲ್ಲಿ ಒಂದು ಮಾತು ಬದುಕಿರೋರ ಬಗ್ಗೇನೂ ಹೇಳ್ಬೇಕು ನಾನು. ಆ ಸೇತುವೆ..."

ಸ್ಪೀಕರ್ ಗಂಟೆ. ಕಡತದಿಂದ ತೆಗೆದ ವಿಷಯವನ್ನು ಮತ್ತೆ ಎತ್ತುವಂತಿಲ್ಲ, ಕೂತುಕೊಳ್ಳಿ ಎನ್ನುತ್ತಿದ್ದಾರೆ. ಸ್ಪೀಕರ್ ಹೇಳುವುದೇ ಸರಿ. ನನ್ನ ಪುಸ್ತಕದಲ್ಲಿ ಆ ನಿಯಮಕ್ಕೆ ಕೆಂಪು ಗೆರೆ ಎಳೆದಿಟ್ಟಿದ್ದೇನೆ. ನಿಯಮ ಹಾಳಾಗಿ ಹೋಗಲಿ, ಅವನಿಗೆ ಮಾತಾಡಲು ಬಿಡಿ ಎಂದು ಕೂಗಿದೆ. ಎದ್ದು ನಿಂತೇ ಕೂಗಿದೆ. ಇವಳು ತಿರುಗಿ ನೋಡಿದಳು.

ಮತ್ತೆ ಗಂಟೆ. ಕೂರಲಿಲ್ಲ. ಮೈಕ್ ಕಟ್.

ದನಿ ಇಲ್ಲ. ಬಾಯಿ ಮಾತ್ರ ಆಡುತ್ತಿದೆ. ಕಡತಕ್ಕೆ ಒಂದಕ್ಷರವೂ ಹೋಗುವುದಿಲ್ಲ. ಇವಳು ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ಇಟ್ಟು, ಒಂದು ಕೈ ನನ್ನ ಕಡೆ ಚಾಚಿ, ಬರ್ಕೊಳ್ರೀ, ನಾನು ಹೇಳ್ತೀನಿ ಎನ್ನುತ್ತಿದ್ದಾಳೆ. ಬರೆದುಕೊಳ್ಳುತ್ತಿದ್ದೇನೆ. ಅವನು ನಿಧಾನವಾಗಿ, ಬಿಡಿಸಿ ಬಿಡಿಸಿ ಆಡುತ್ತಿದ್ದಾನಂತೆ, ಕ್ಯಾಮೆರಾ ನೋಡಿಕೊಂಡು. ಅವಳು ಹೇಳಿದ್ದು ಹೇಳಿದ ಹಾಗೆ —

"ಅಕ್ಕಾ, ಆ ಸೇತುವೆ ಕಟ್ಟಿಸಿದ್ದು ನಿಮ್ಮ ಯಜಮಾನ್ರು."