ಕಲ್ಲಿಗೆ ಕಿವಿಯಿಟ್ಟು

ದೊಡ್ಡಪ್ಪ, ಸೌದಿಯ ದಮ್ಮಾಮಿನಿಂದ ನಿಮ್ಮ ಯಶ್ಮಿತಾಳ ನಮಸ್ಕಾರ. ಫೋನಿನಲ್ಲಿ ಎಷ್ಟು ಕೂಗಿದರೂ ನಿಮಗೆ ಕೇಳುವುದಿಲ್ಲ, ಹಾಗಾಗಿ ಈ ಕಾರ್ಡು.

ನಮ್ಮ ಲ್ಯಾಬಿನಲ್ಲಿ ಕಲ್ಲನ್ನು ಬಿಸಿ ಮಾಡಿ, ಒತ್ತಿ, ಅದರೊಳಗೆ ಸದ್ದು ಎಷ್ಟು ವೇಗವಾಗಿ ಹೋಗುತ್ತದೆಂದು ಅಳೆಯುತ್ತೇವೆ. ನೆಲದಾಳದ ಕಲ್ಲು ಹೇಗಿದೆಯೆಂದು ತಿಳಿಯಲು ಇದು ಬೇಕು. ಮೊನ್ನೆ ಇಲ್ಲಿಯ ಅಭಾ ಊರಿನ ಕಡೆಯ ಬೆಟ್ಟದಿಂದ ಗ್ರಾನೈಟಿನ ತುಂಡೊಂದು ಬಂತು, ಬಾಳೆದಿಂಡಿನ ಹಾಗೆ ಉರುಟು, ನುಣುಪು. ಮಸಾಲೆ ಕಡೆಯುವ ಕಲ್ಲು ಕೆತ್ತುವ ಮೊದಲು ನೀವು ಮಾಡುತ್ತಿದ್ದ ಹಾಗೆ, ನಾನೂ ಬೆರಳಿನ ಗಂಟಿನಿಂದ ತಟ್ಟಿ ಕಿವಿಯಿಟ್ಟೆ. ಒಡಕು ಮಡಕೆಯ ಸದ್ದು ಬಂತು. "ಇದರೊಳಗೆ ಬಿರುಕುಂಟು" ಎಂದೆ.

"ಎಂತ ಮಾರಾಯ್ತಿ, ಇದು ಹಲಸಿನಹಣ್ಣಾ?" ಎಂದು ನಮ್ಮ ಮೇಲಧಿಕಾರಿ, ಭಟ್ಕಳದ ಹುಝೈಫಾ, ನಕ್ಕರು. ಮಿಷನ್ನಿಗೆ ಇಟ್ಟಾಗ ಸದ್ದು ತೆವಳಿಕೊಂಡೇ ಬಂತು. ಒತ್ತಡ ಏರಿಸುತ್ತ ಹೋದಂತೆ ಬಿರುಕು ಮುಚ್ಚಿಕೊಂಡು ಸದ್ದು ಚುರುಕಾಯಿತು. ಬಿಸಿ ಏರಿಸಿದಾಗ ಮತ್ತೆ ತುಸು ನಿಧಾನವಾಯಿತು. ಹುಝೈಫಾ ಇನ್ನೊಂದು ತುಂಡು ತಂದು ನನ್ನ ಮುಂದಿಟ್ಟು, "ಇದನ್ನೂ ತಟ್ಟಿ ನೋಡು" ಎಂದರು.

ನನ್ನ ಆರೋಗ್ಯ ಚೆನ್ನಾಗಿದೆ, ಎಸಿಯಿಂದ ಬಂದ ಶೀತ ಹೋಯಿತು. ರಜೆಗೆ ಊರಿಗೆ ಬರುವ ನಮ್ಮ ಕಂಪೆನಿಯ ಶಂಸುದ್ದೀನ್ ಅವರ ಕೈಯಲ್ಲಿ ನಿಮಗೊಂದು ಕಿವಿಯ ಮಿಷನ್ ಕಳಿಸಿದ್ದೇನೆ. ತಟ್ಟಿದರೆ ಕೇಳುವುದಿಲ್ಲವೆಂದು ನೀವು ಅರ್ಧಕ್ಕೆ ಬಿಟ್ಟ ಕಡೆಯುವ ಕಲ್ಲು ಇನ್ನೂ ಅಂಗಳದಲ್ಲೇ ಇದೆಯಂತೆ, ದೊಡ್ಡಮ್ಮ ಹೇಳಿದರು. ಕಂಪೆನಿ ಬಸ್ಸು ಬಂತು, ನಿಲ್ಲಿಸುತ್ತೇನೆ. ಮಿಷನ್ ಹಾಕಿಕೊಂಡು ಮೊದಲು ಆ ಕಲ್ಲನ್ನು ತಟ್ಟಿ. ನನಗೆ ಫೋನು ಆಮೇಲೆ ಮಾಡಿದರೂ ಆಯಿತು.